ನರ್ಸಿಂಗ್ ಕಲಿಕೆಯಲ್ಲಿ ಕಂಪ್ಯೂಟರ್ ರೋಗಿ: ಅಂಕ ಏನು ಹೇಳುತ್ತದೆ?

ನಂದಿಕೂರು: ಪಡುಬಿದ್ರಿ-ಕಾರ್ಕಳ ರಸ್ತೆಯ ನಮ್ಮ ಊರುಗಳಿಂದ ಮಣಿಪಾಲ, ಮಂಗಳೂರಿಗೆ ನರ್ಸಿಂಗ್ ಕಲಿಯಲು ಮಕ್ಕಳನ್ನು ಕಳುಹಿಸುವ ಹೆತ್ತವರು ಈಗ 'ಸಿಮ್ಯುಲೇಶನ್' ಎಂಬ ಪದವನ್ನು ಆಗಾಗ ಕೇಳುತ್ತಾರೆ. ಮಣಿಪಾಲದಲ್ಲೂ ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ಇದಕ್ಕಾಗಿ ಕೇಂದ್ರಗಳಿವೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲೂ ಇದಕ್ಕೆ ಸ್ಥಾನವಿದೆ. ಇದರ ಬಗ್ಗೆ ಕಿರು ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಏನಿದು?
ಗೊಂಬೆಯ ಮೇಲೆ ಇಂಜೆಕ್ಷನ್ ಅಭ್ಯಾಸ ಮಾಡುವುದು ಹಳೆಯ ಕ್ರಮ. ವರ್ಚುವಲ್ ಸಿಮ್ಯುಲೇಶನ್‌ನಲ್ಲಿ ರೋಗಿ ಕಂಪ್ಯೂಟರ್ ಪರದೆಯಲ್ಲಿರುತ್ತಾನೆ. ವಿದ್ಯಾರ್ಥಿನಿ ಪ್ರಶ್ನೆ ಕೇಳಿ, ಬಿ.ಪಿ. ನೋಡಿ, ಔಷಧಿ ಆರಿಸಬೇಕು. ತಪ್ಪಿದರೆ ರೋಗಿಯ ಸ್ಥಿತಿ ಹದಗೆಡುತ್ತದೆ, ಆದರೆ ಯಾರಿಗೂ ಅಪಾಯವಿಲ್ಲ. ಯಾವುದನ್ನು ಮೊದಲು ಮಾಡಿದಳು, ಅಲರ್ಜಿ ವಿಚಾರಿಸಿದಳೇ, ಎಷ್ಟು ಹೊತ್ತು ತೆಗೆದುಕೊಂಡಳು ಎಂಬುದೆಲ್ಲ ದಾಖಲಾಗುತ್ತದೆ. ಕೊನೆಗೆ ಶಿಕ್ಷಕಿ ಜತೆ ಕುಳಿತು ನಡೆಸುವ ಚರ್ಚೆಯಲ್ಲೇ ಹೆಚ್ಚಿನ ಕಲಿಕೆ ಆಗುತ್ತದೆ.

ಎಷ್ಟು ನಂಬಬಹುದು?
ಅಮೆರಿಕಾದ 10 ನರ್ಸಿಂಗ್ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆ ತರಬೇತಿಯ ಅರ್ಧದಷ್ಟನ್ನು ಉತ್ತಮ ಸಿಮ್ಯುಲೇಶನ್‌ನಲ್ಲಿ ಕಲಿತವರೂ ಇತರರಿಗೆ ಸಮನಾಗಿದ್ದರು. ಆದರೆ ಅಲ್ಲಿ ತರಬೇತಾದ ಶಿಕ್ಷಕರಿದ್ದರು, ಗೊಂಬೆ ಹಾಗೂ ರೋಗಿಯ ಪಾತ್ರಧಾರಿಗಳೂ ಇದ್ದರು. ಬರೀ ಪರದೆಗೆ ಆ ಫಲಿತಾಂಶವನ್ನು ಅನ್ವಯಿಸಲಾಗದು.

ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಸಾಮರ್ಥ್ಯಕ್ಕೆ ನಾಲ್ಕು ಮೆಟ್ಟಿಲು ಹೇಳಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಕೆಲಸದಲ್ಲಿ ನಿಜವಾಗಿ ಮಾಡುವುದು. ಪರದೆಯ ಅಂಕ ಮುಖ್ಯವಾಗಿ ಎರಡನೇ ಮೆಟ್ಟಿಲನ್ನು ಅಳೆಯುತ್ತದೆ. ನರ ಸಿಗದ ವೃದ್ಧರ ಕೈ ಹಿಡಿಯುವುದನ್ನು, ಗಾಬರಿಯಾದ ಮನೆಯವರಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಸಮಾಧಾನ ಹೇಳುವುದನ್ನು ಅದು ಅಳೆಯಲಾರದು.

ಮೂರನೇ ಮೆಟ್ಟಿಲಿಗೆ 'ಆಸ್ಕಿ' ಪರೀಕ್ಷೆಯಿದೆ. ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ಅಭ್ಯರ್ಥಿಗಳು ಒಂದೊಂದೇ ನಿಲ್ದಾಣಕ್ಕೆ ಹೋಗಿ ಪರೀಕ್ಷಕರ ಎದುರು ಕೆಲಸ ಮಾಡಿ ತೋರಿಸಬೇಕು. ಬ್ರಿಟನ್‌ನಲ್ಲಿ ನೋಂದಣಿ ಬಯಸುವ ನಮ್ಮ ನರ್ಸುಗಳು ಕಂಪ್ಯೂಟರ್ ಪರೀಕ್ಷೆಯ ಜತೆಗೆ ಇದನ್ನೂ ಪಾಸಾಗಬೇಕು. ನಾಲ್ಕನೆಯದಕ್ಕೆ ವಾರ್ಡೇ ಪರೀಕ್ಷಾ ಕೊಠಡಿ.

ಹೆತ್ತವರು ಕೇಳಬೇಕಾದದ್ದು
ಕಾಲೇಜಿಗೆ ಸೇರಿಸುವಾಗ ಕಂಪ್ಯೂಟರ್ ಲ್ಯಾಬ್ ನೋಡಿ ಮಾತ್ರ ತೃಪ್ತರಾಗಬಾರದು. ಸಿಮ್ಯುಲೇಶನ್ ಬಳಿಕ ಚರ್ಚೆ ಇದೆಯೇ, ಆಸ್ಕಿ ನಡೆಯುತ್ತದೆಯೇ, ವಾರ್ಡಿನಲ್ಲಿ ಎಷ್ಟು ಗಂಟೆ, ಅಲ್ಲಿ ಶಿಕ್ಷಕರು ಜತೆಗಿರುತ್ತಾರೆಯೇ ಎಂದು ವಿಚಾರಿಸಬೇಕಾಗಿ ವಿನಂತಿಸುತ್ತೇವೆ. ನಾಳೆ ಆ ಮಕ್ಕಳ ಕೈಗೆ ಬರುವವರು ನಮ್ಮದೇ ಮನೆಯ ರೋಗಿಗಳು.