ಗಿರಾಕಿಯ ವಿಳಾಸ ಯಾರ ಕೈಯಲ್ಲಿದೆ?

‘ಇ-ಮೇಲ್ ಕಾಲ ಮುಗೀತ್ರಿ, ಈಗೇನಿದ್ರೂ ವಾಟ್ಸ್‌ಆ್ಯಪ್.’ ಚಿಕ್ಕೋಡಿಯಿಂದ ಕಾಗವಾಡದವರೆಗೆ ಅಂಗಡಿ ಅಂಗಡಿಯಲ್ಲೂ ಈ ಮಾತು ಕೇಳುತ್ತಿದ್ದೇನೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಭಾಗದ ಸಣ್ಣ ವ್ಯಾಪಾರಿಗಳಿಗೆ ಪತ್ರ ಬರೆದುಕೊಟ್ಟ ನಾನು ಇದನ್ನು ಒಪ್ಪಲಾರೆ.

ನಿಪ್ಪಾಣಿಯ ತಂಬಾಕು ಪೇಟೆಗೆ ಒಂದು ಕಾಲಕ್ಕೆ ಅಂಚೆ, ತಾರು, ಟ್ರಂಕ್ ಕಾಲ್‌ಗಳೇ ಆಧಾರ. ಅತ್ತ ಅಮೆರಿಕದಲ್ಲಿ 1978ರಲ್ಲೇ ಗ್ಯಾರಿ ಥುರ್ಕ್ ಎಂಬಾತ ಕಂಪ್ಯೂಟರ್ ಜಾಹೀರಾತನ್ನು ಸುಮಾರು 400 ಜನರಿಗೆ ಇ-ಮೇಲ್‌ನಲ್ಲಿ ಒಟ್ಟಿಗೆ ಕಳಿಸಿ ಬೈಸಿಕೊಂಡಿದ್ದ. ಕೇಳದವರಿಗೆ ಕಳಿಸುವ ಚಾಳಿ ಅಷ್ಟು ಹಳೆಯದು. ಭಾರತದ ಜನರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಹಾಟ್‌ಮೇಲ್ ಬಂತು.

ನಾವು ಕಲಿತದ್ದು ಸೈಬರ್ ಕೆಫೆಗಳಲ್ಲಿ, ಗಂಟೆಗಿಷ್ಟು ಅಂತ ಕೊಟ್ಟು. ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತಿದ್ದವು. ಹಾಗಾಗಿ ಎಲ್ಲರೂ ಇಂಗ್ಲಿಷಿಗೆ ಹೊರಳಿದರು. ಯೂನಿಕೋಡ್ ಬಂದು ಆ ತೊಡಕು ಹೋಯಿತು, ರೂಢಿ ಮಾತ್ರ ಹೋಗಲಿಲ್ಲ. ರಾಯಬಾಗದ ಬೆಲ್ಲದವನು ಬೆಂಗಳೂರಿನ ಕನ್ನಡಿಗನಿಗೆ ಇವತ್ತಿಗೂ ‘ಡಿಯರ್ ಕಸ್ಟಮರ್’ ಎಂದೇ ಬರೆಯುತ್ತಾನೆ.

ಈ ಭಾಗದಲ್ಲಿ ಇ-ಮೇಲ್‌ನ ನಿಜವಾದ ಶಕ್ತಿ ನನಗೆ ಕಂಡದ್ದು ಅಥಣಿಯ ಚಪ್ಪಲಿಯಲ್ಲಿ. ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳು ‘ಟೋಹೋಲ್ಡ್’ ಹೆಸರಿನಲ್ಲಿ ವಿದೇಶಕ್ಕೆ ಮಾಲು ಕಳಿಸಿ, ಅಥಣಿಯಲ್ಲಿ ಕೂತೇ ದೂರದ ಗಿರಾಕಿಯನ್ನು ಹಿಡಿಯಬಹುದೆಂದು ತೋರಿಸಿದವು. ಮುಂದೆ ಚಪ್ಪಲಿಯವರಿಗೆಂದು ನಾನು ಬರೆದ ಪತ್ರಗಳಲ್ಲಿ ಹೆಚ್ಚು ಉತ್ತರ ತಂದದ್ದು ರಿಯಾಯಿತಿ ಪತ್ರವಲ್ಲ; ಮೇ ಕೊನೆಗೆ, ಮುಂಗಾರಿಗೆ ಮುಂಚೆ ಕಳಿಸಿದ ನಾಲ್ಕು ಸಾಲು. ವಿಷಯದ ಜಾಗದಲ್ಲಿ ‘ಮಳೆ ಬರ್ತಿದೆ, ಚಪ್ಪಲಿ ಒಳಗಿಡಿ’ ಎಂದಷ್ಟೇ ಇತ್ತು. ಒಳಗೆ: ಇದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು, ನೀರು ತಡೆಯದು, ನೆನೆದರೆ ಬಿಸಿಲಿಗಿಡದೆ ನೆರಳಲ್ಲಿ ಆರಿಸಿ, ಬಿಗಿಯಾಗಿದ್ದರೆ ಎಣ್ಣೆ ಸವರಿ. ಮಾರಾಟದ ಮಾತೇ ಇರಲಿಲ್ಲ. ಉತ್ತರ ಬರೆದವರು ದೀಪಾವಳಿಗೆ ಮತ್ತೊಂದು ಜೋಡಿ ಕೇಳಿದರು.

ಈಚಿನವರು ವಿಳಾಸದ ಪಟ್ಟಿಯನ್ನೇ ಕೊಂಡು ಕಳಿಸುತ್ತಾರೆ. ಇದು ದುಡ್ಡು ಕೊಟ್ಟು ಹೆಸರು ಕೆಡಿಸಿಕೊಳ್ಳುವ ಕೆಲಸ. ಕಳಿಸುವವನ ಗುರುತು ಖಚಿತವಾಗಿರಬೇಕೆಂದು, ಸ್ಪ್ಯಾಮ್ ದೂರು ಕಡಿಮೆ ಇರಬೇಕೆಂದು 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ನಿಯಮ ಬಿಗಿ ಮಾಡಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಜಾಹೀರಾತು ಪತ್ರ ಕಳಿಸುವವರು ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ದಾರಿಯನ್ನೂ ಕೊಡಬೇಕು. ವೈಯಕ್ತಿಕ ದತ್ತಾಂಶಕ್ಕೆ ನಮ್ಮಲ್ಲೂ 2023ರಲ್ಲಿ ಕಾಯ್ದೆಯಾಗಿದೆ. ಗಿರಾಕಿಯ ಒಪ್ಪಿಗೆಗೆ ಅದರಲ್ಲಿ ದೊಡ್ಡ ಸ್ಥಾನವಿದೆ.

ಊರೊಳಗಿನ ಗಿರಾಕಿಗೆ ವಾಟ್ಸ್‌ಆ್ಯಪ್ ಸಾಕು, ನಿಜ. ಆದರೆ ಅಲ್ಲಿ ಖಾತೆ ನಿಂತರೆ ದಾರಿಯೂ ನಿಂತಿತು. ಇ-ಮೇಲ್ ಪಟ್ಟಿ ಹಾಗಲ್ಲ; ಸೇವೆ ಬದಲಿಸಿದರೂ ಅದು ನಮ್ಮ ಜೊತೆಗೇ ಬರುತ್ತದೆ.

ಅಥಣಿಯಲ್ಲೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; ಅದರಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನಲ್ಲಿ ಅದನ್ನೇ ಹೋಲುವ ಚಪ್ಪಲಿ ತೋರಿಸಿ ಟೀಕೆಗೆ ಗುರಿಯಾದಾಗ, ಅಸಲಿ ಚಪ್ಪಲಿಯ ಮಾತು ಜಗತ್ತಿನಲ್ಲೆಲ್ಲ ಎದ್ದಿತು. ಆ ದಿನಗಳಲ್ಲಿ ಅಸಲಿಯನ್ನು ಹುಡುಕಿದವರ ಎಷ್ಟು ವಿಳಾಸ ಹೊಲಿದವರ ಕೈಯಲ್ಲಿ ಉಳಿದವು? ಪಟ್ಟಿ ಇರುವುದು ದಲಾಲರ ಹತ್ತಿರ, ಆನ್‌ಲೈನ್ ಮಳಿಗೆಗಳ ಹತ್ತಿರ. ಅಥಣಿ, ಕಾಗವಾಡದ ಒಣದ್ರಾಕ್ಷಿಯವರ ಸ್ಥಿತಿಯೂ ಇದೇ. ಗಿರಾಕಿಗೆ ಕನ್ನಡ, ಮರಾಠಿ ಎರಡರಲ್ಲೂ ಇ-ಮೇಲ್ ಪತ್ರ ಬರೆಯಬಲ್ಲ ಹುಡುಗ ಹುಡುಗಿಯರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿದ್ದಾರೆ. ಅವರಿಗೆ ಕಲಿಸುವ ಒಂದು ತರಗತಿಯನ್ನೂ ನಾನು ಕಂಡಿಲ್ಲ.

ವ್ಯಾಪಾರಸ್ಥರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬಿಲ್ ಬುಕ್ ಅಚ್ಚು ಹಾಕಿಸುವಾಗ ಮೊಬೈಲ್ ನಂಬರಿನ ಕೆಳಗೆ ಇ-ಮೇಲ್‌ಗೂ ಒಂದು ಗೆರೆ ಬಿಡಿ. ಗಿರಾಕಿಯನ್ನು ಕೇಳಿ, ಒಪ್ಪಿದರಷ್ಟೇ ಬರೆದುಕೊಳ್ಳಿ.