ಕರ್ನಲ್‌ನ ಒಳಗೋ ಹೊರಗೋ: ಪ್ರೊಫೈಲರ್‌ಗಳ ಸ್ಥಾನನಿರ್ಣಯ

ಪ್ರೋಗ್ರಾಮಿನ ಸಮಯ ಎಲ್ಲೆಲ್ಲಿ ಖರ್ಚಾಗುತ್ತಿದೆಯೆಂದು ಅಳೆಯುವ ಪ್ರೊಫೈಲರನ್ನು ಮುಕ್ತ ತಂತ್ರಾಂಶದ ಕೋಡ್ ಭಂಡಾರದಲ್ಲಿ ಎಲ್ಲಿಡಬೇಕು? ಅಳತೆಗೊಳಗಾಗುವ ಕೋಡ್ ಬದಲಾದಾಗ ಪ್ರೊಫೈಲರನ್ನು ಸರಿಪಡಿಸುವ ಹೊಣೆ ಯಾರದೆಂದು ತೀರ್ಮಾನಿಸದೆ ಇದಕ್ಕೆ ಉತ್ತರ ಸಿಗದು ಎಂಬುದು ಈ ಲೇಖನದ ವಾದ. ಲಿನಕ್ಸ್‌ನ ಎರಡು ಪ್ರೊಫೈಲರ್‌ಗಳ ಚರಿತ್ರೆ ಇದಕ್ಕೆ ಆಧಾರ.

ಮೊದಲನೆಯದು ಓಪ್ರೊಫೈಲ್. 2002ರಲ್ಲಿ, 2.5 ಸರಣಿಯ ಕರ್ನಲ್‌ಗೆ ಅದು ಸೇರಿದ್ದು ಅರ್ಧ ಮಾತ್ರ. ಪ್ರೊಸೆಸರಿನ ಕೌಂಟರ್‌ಗಳಿಂದ ಮಾದರಿ ಸಂಗ್ರಹಿಸುವ ಡ್ರೈವರ್ ಒಳಗೆ ಬಂತು. ಮಾದರಿಗಳನ್ನು ಓದಿ ವರದಿ ಕೊಡುವ ಭಾಗ ಪ್ರತ್ಯೇಕ ಯೋಜನೆಯಾಗಿ ಹೊರಗೇ ಉಳಿಯಿತು. 2009ರ ಪರ್ಫ್ ಬೇರೆ ದಾರಿ ಹಿಡಿಯಿತು. ವರದಿ ಕೊಡುವ ಭಾಗವೂ ಕರ್ನಲ್ ಭಂಡಾರದಲ್ಲೇ ಬೆಳೆಯಿತು. ವಿಚಿತ್ರವೆಂದರೆ ಮೊದಲು ಅದಿದ್ದದ್ದು ದಸ್ತಾವೇಜುಗಳ ಡೈರೆಕ್ಟರಿಯಲ್ಲಿ. ಆ ವರ್ಷದ ಜೂನ್‌ನಲ್ಲಿ ಕರ್ನಲ್ ಡೆವಲಪರ್ ಇಂಗೊ ಮೊಲ್ನಾರ್ ಅದನ್ನು ‘ಟೂಲ್ಸ್’ ಡೈರೆಕ್ಟರಿಗೆ ಸಾಗಿಸಿದರು. ಸೆಪ್ಟೆಂಬರ್‌ನ 2.6.31 ಆವೃತ್ತಿಯೊಂದಿಗೆ ಅದು ಹೊರಬಂತು. ಕರ್ನಲ್‌ಗೆ ಹೊಸ ಎಣಿಕೆಯೊಂದನ್ನು ಸೇರಿಸುವವರು ಅದನ್ನು ಓದುವ ಕೋಡನ್ನೂ ಅದೇ ಪ್ಯಾಚ್ ಸರಣಿಯಲ್ಲಿ ಕಳಿಸಬಹುದಾಯಿತು.

ಆದರೆ ಒಂದೇ ಸೂರಿನಡಿ ಇದ್ದಮಾತ್ರಕ್ಕೆ ಗೋಡೆ ಬೇಡವಾಗಲಿಲ್ಲ. ಪರ್ಫ್ ಇಂದು ಕರ್ನಲ್‌ನ ಹಲವು ಹೆಡರ್ ಕಡತಗಳನ್ನು ನೇರವಾಗಿ ಬಳಸುವುದಿಲ್ಲ. ಅವುಗಳ ಪ್ರತಿಗಳನ್ನು ‘ಟೂಲ್ಸ್’ ಡೈರೆಕ್ಟರಿಯಲ್ಲೇ ಇಟ್ಟುಕೊಂಡಿದೆ. ಕರ್ನಲ್‌ನವರು ತಮ್ಮ ಕೆಲಸಕ್ಕೆಂದು ಹೆಡರ್ ತಿದ್ದಿದರೆ ಪರ್ಫ್‌ನ ಬಿಲ್ಡ್ ಮುರಿಯಬಾರದಲ್ಲ! ಮೂಲಕ್ಕೂ ಪ್ರತಿಗೂ ವ್ಯತ್ಯಾಸ ಬಂದರೆ ಒಂದು ಸ್ಕ್ರಿಪ್ಟ್ ಎಚ್ಚರಿಸುತ್ತದೆಯೇ ಹೊರತು ಬಿಲ್ಡನ್ನು ತಡೆಯುವುದಿಲ್ಲ. ನಕಲು ಕೋಡ್ ಕೆಟ್ಟದ್ದೆಂಬ ಪಾಠಕ್ಕೆ ಇದು ವಿರುದ್ಧವಾಗಿ ಕಂಡರೂ, ಇಲ್ಲಿ ನಕಲೇ ಸರಿ ಎಂದು ನನ್ನ ಅಭಿಪ್ರಾಯ. ಯಾವ ಬದಲಾವಣೆಯನ್ನು ಯಾವಾಗ ಒಳಗೆ ಬಿಟ್ಟುಕೊಳ್ಳಬೇಕೆಂಬ ನಿರ್ಧಾರ ಪರ್ಫ್ ನಿರ್ವಾಹಕರ ಕೈಯಲ್ಲೇ ಉಳಿಯುತ್ತದೆ.

ಪರ್ಫ್ ಕರ್ನಲ್ ಭಂಡಾರದಲ್ಲೇ ಇದ್ದುದರ ಬೆಲೆ ತೆತ್ತವರು ಬಳಕೆದಾರರು. ಉಬುಂಟುವಿನಲ್ಲಿ ಬಹುಕಾಲ ಪರ್ಫ್ ಆಯಾ ಕರ್ನಲ್ ಆವೃತ್ತಿಯ ಪ್ಯಾಕೇಜಿನಲ್ಲೇ ಬರುತ್ತಿತ್ತು; ಹೊಂದುವ ಆವೃತ್ತಿ ಇಲ್ಲದಿದ್ದರೆ ಓಡುತ್ತಿರಲಿಲ್ಲ. ತಾಂತ್ರಿಕವಾಗಿ ಈ ಕಟ್ಟುನಿಟ್ಟಿಗೆ ಕಾರಣವಿಲ್ಲ. ಪರ್ಫ್ ಕರ್ನಲ್‌ಗೆ ಒಪ್ಪಿಸುವ ದತ್ತರಚನೆಯಲ್ಲಿ ಅದರ ಗಾತ್ರವನ್ನೂ ನಮೂದಿಸಿರುತ್ತದೆ. ಹಳೆಯ ಕರ್ನಲ್, ಹೊಸ ಸಾಧನ ಪರಸ್ಪರ ಹೊಂದಿಕೊಳ್ಳಲಿ ಎಂದೇ ಈ ಏರ್ಪಾಡು.

ಇತ್ತ ಓಪ್ರೊಫೈಲ್‌ನ ಹೊರಗಿನ ಭಾಗ 2012ರಲ್ಲಿ ಪರ್ಫ್‌ನ ಸಿಸ್ಟಮ್ ಕಾಲ್ ಬಳಸತೊಡಗಿ, 2014ರ 1.0 ಆವೃತ್ತಿಯಲ್ಲಿ ತನ್ನದೇ ಡ್ರೈವರಿನ ನಂಟನ್ನು ಕಡಿದುಕೊಂಡಿತು. ಆದರೂ ಡ್ರೈವರ್ ಕರ್ನಲ್‌ನಿಂದ ಹೊರಬಿದ್ದದ್ದು 2021ರಲ್ಲಿ, 5.12 ಆವೃತ್ತಿಯಲ್ಲಿ. ಎರಡು ಭಂಡಾರಗಳಿಗೆ ಹಂಚಿದ ಸಾಧನದ ಒಂದು ಭಾಗಕ್ಕೆ ಕೆಲಸವಿಲ್ಲದಾದರೂ ಅದನ್ನು ತೆಗೆದುಹಾಕುವುದು ಯಾರ ತುರ್ತೂ ಆಗಿರಲಿಲ್ಲ. ಹೊರಗಿನ ಭಾಗ ಮಾತ್ರ ಸ್ಥಿರವಾದ ಸಿಸ್ಟಮ್ ಕಾಲ್ ಸಿಕ್ಕಿದ್ದರಿಂದ ಹೊರಗಿದ್ದೇ ಬದುಕಿತು.

ಅಂಥ ಸ್ಥಿರ ಒಪ್ಪಂದ ಇಲ್ಲದಲ್ಲಿ ಲೆಕ್ಕ ತಿರುಗುತ್ತದೆ. ಪೈಥಾನ್ 3.15ಕ್ಕೆಂದು ಅಂಗೀಕಾರವಾದ ಪಿಇಪಿ 799 ಎಂಬ ಸುಧಾರಣಾ ಪ್ರಸ್ತಾವ ಆ ಭಾಷೆಯ ಪ್ರೊಫೈಲರ್‌ಗಳನ್ನು ಸ್ಟ್ಯಾಂಡರ್ಡ್ ಲೈಬ್ರರಿಯ ಒಂದೇ ಪ್ಯಾಕೇಜಿನಡಿ ತರುತ್ತದೆ. ಅದರಲ್ಲಿನ ಮಾದರಿ-ಆಧಾರಿತ ಪ್ರೊಫೈಲರ್ ಓಡುತ್ತಿರುವ ಇನ್ನೊಂದು ಪ್ರೋಗ್ರಾಮಿನ ಮೆಮೊರಿಯನ್ನು ಹೊರಗಿನಿಂದ ಓದಿ, ಇಂಟರ್‌ಪ್ರಿಟರಿನ ಆಂತರಿಕ ರಚನೆಗಳನ್ನು ಅರ್ಥೈಸಬೇಕು. ಈ ರಚನೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಪೈಥಾನ್ ಭಂಡಾರದ ಹೊರಗೆ ಬೆಳೆದ ಪೈ-ಸ್ಪೈ ಎಂಬ ಪ್ರೊಫೈಲರ್ ಪ್ರತಿ ಹೊಸ ಆವೃತ್ತಿಯ ಬೆನ್ನಿಗೂ ಹೊಸ ವಿವರಣೆಗಳನ್ನು ಸೇರಿಸಿಕೊಳ್ಳುತ್ತ ಬಂದಿರುವುದು ಇದೇ ಕಾರಣಕ್ಕೆ.