ಕವಿಯ ಕುಲುಮೆ, ಕುಂಬಾರನ ಅಚ್ಚು

ಗಯಟೆ ಮಹಾಕವಿಯ ಹೆಸರು ಬಂದರೆ ಸಾಕು, ಕನ್ನಡದ ಉಪಾಧ್ಯಾಯರಾದ ನಾವು ಶಾಕುಂತಲದ ಮಾತಿಗೆ ಹಾರುತ್ತೇವೆ. ಕಾಳಿದಾಸನನ್ನು ಅವನು ಕೊಂಡಾಡಿದ ಬಗೆಯನ್ನು ಹೇಳಿ ಸಂತೋಷಪಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದವನು. ಅವನ ಆತ್ಮಕಥೆಯ ಎಂಟನೆಯ ಪರ್ವದಲ್ಲಿ ಕುಲುಮೆ, ಬೆಣಚುಕಲ್ಲುಗಳ ಪ್ರಸ್ತಾಪ ಬಂದಾಗ ಮಾತ್ರ, ಹುಡುಗತನದ ಹುಚ್ಚೆಂದು ನಕ್ಕು ಪುಟ ಮಗುಚುತ್ತಿದ್ದೆ. ಆ ನಗು ತಪ್ಪೆಂದು ನನಗೆ ಕಲಿಸಿದವರು ಒಬ್ಬ ಕುಂಬಾರರು.

1768ರಲ್ಲಿ, ಹತ್ತೊಂಬತ್ತರ ಪ್ರಾಯದ ಗಯಟೆ ಕಾಯಿಲೆ ಬಿದ್ದು, ಲೈಪ್‌ಜಿಗ್‌ನ ಓದನ್ನು ಬಿಟ್ಟು ಫ್ರಾಂಕ್‌ಫರ್ಟಿನ ತಂದೆಯ ಮನೆಗೆ ಮರಳಿದ. ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ರಸವಾದದ ಗ್ರಂಥಗಳ ಗೀಳು ಹತ್ತಿತು. ಮನೆಯ ಮೇಲಿನ ಕೋಣೆಯಲ್ಲಿ ಪುಟ್ಟ ಕುಲುಮೆ ಹೂಡಿ, ಮೈನ್ ನದಿಯ ಬೆಣಚುಕಲ್ಲುಗಳನ್ನು ಕ್ಷಾರದೊಡನೆ ಕರಗಿಸಿದ. ಗಾಜು ದೊರೆಯಿತು, ಆ ಗಾಜು ಗಾಳಿಯ ತೇವವನ್ನು ಹೀರಿ ತಿಳಿಯಾದ ದ್ರವವಾಯಿತು. ಕಲ್ಲೇ ನೀರಾಗಿತ್ತು! ಅದರಿಂದ ಸೃಷ್ಟಿಮೂಲವಾದ ‘ಕನ್ಯಾಮೃತ್ತಿಕೆ’ ಹುಟ್ಟೀತೆಂದು ತರುಣ ಕಾದ. ಕಡೆಗೆ ಉಳಿದದ್ದು ಸತ್ವವಿಲ್ಲದ ನುಣುಪು ಕಲ್ಲುಪುಡಿ.

ಈ ದ್ರವವನ್ನು 17ನೆಯ ಶತಮಾನದಲ್ಲಿ ಗ್ಲೌಬರ್ ಮೊದಲಾದವರು ಆಗಲೇ ಬಲ್ಲವರಾಗಿದ್ದರು. ಕ್ಷಾರ ಸೋಡವಾದರೆ ಅದು ಸೋಡಿಯಂ ಸಿಲಿಕೇಟ್. ಪೊಟ್ಯಾಷ್ ಆದರೆ ಅದರ ಸೋದರ. 1818ರಲ್ಲಿ ಫುಕ್ಸ್ ಎಂಬ ಜರ್ಮನ್ ರಸಾಯನಜ್ಞ ಇದನ್ನು ಶಾಸ್ತ್ರೀಯವಾಗಿ ಶೋಧಿಸಿ, ‘ನೀರುಗಾಜು’ ಎಂದು ಹೆಸರಿಟ್ಟ. 1823ರಲ್ಲಿ ಬೆಂಕಿಗೆ ಆಹುತಿಯಾದ ಮ್ಯೂನಿಕ್ಕಿನ ರಂಗಮಂದಿರವನ್ನು ಮರಳಿ ಕಟ್ಟಿದಾಗ, ಬೆಂಕಿಯನ್ನು ತಡೆಯಲು ಇದನ್ನೇ ಬಳಿದರು.

ಕುಂಬಾರಿಕೆಗೆ ಇದು ಒದಗಿದ್ದು ಇನ್ನೂ ತಡವಾಗಿ. 18ನೆಯ ಶತಮಾನದಲ್ಲಿಯೇ ಯೂರೋಪಿನವರು ನೀರು ಹೀರುವ ಜಿಪ್ಸಮ್ ಅಚ್ಚಿಗೆ ಮಣ್ಣಿನ ಗಂಜಿಯನ್ನು ಹೊಯ್ದು ಪಾತ್ರೆ ಮಾಡುತ್ತಿದ್ದರು. ಆದರೆ ಗಂಜಿ ಹರಿಯಬೇಕಾದರೆ ಬಹಳ ನೀರು ಬೇಕು. ನೀರು ಹೆಚ್ಚಾದರೆ ಅಚ್ಚು ಬೇಗನೆ ನೆನೆಯುತ್ತದೆ, ಪಾತ್ರೆ ಕುಗ್ಗಿ ಬಿರಿಯುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ತೊಡಕಿಗೆ ಕ್ಷಾರದ ಮದ್ದು ದೊರಕಿತು. ಒಂದನ್ನೊಂದು ಕಚ್ಚಿಕೊಂಡಿರುವ ಮಣ್ಣಿನ ಕಣಗಳು ನೀರುಗಾಜು ಸೇರಿದೊಡನೆ ಒಂದೇ ಬಗೆಯ ವಿದ್ಯುದಂಶವನ್ನು ತಾಳಿ ಪರಸ್ಪರ ದೂಡುತ್ತವೆ. ನೂರು ಪಾಲು ಒಣಮಣ್ಣಿಗೆ ಅರ್ಧ ಪಾಲೂ ಬೇಡ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು ಸಣ್ಣ ಪಿಂಗಾಣಿ ಕಾರ್ಯಾಗಾರದಲ್ಲಿ. ಬಾಲ್ಡಿಯಲ್ಲಿ ಮಣ್ಣು ಮುದ್ದೆಯಂತಿತ್ತು. ಅಲ್ಲಿನ ಹಿರಿಯರು ಕೆಲವು ಹನಿ ಬಿಟ್ಟು ಕಲಕಿದರು. ಒಂದು ತೊಟ್ಟು ನೀರು ಸೇರಿಸದೆ ಅದು ಕೆನೆಯಂತೆ ಹರಿಯತೊಡಗಿತು. ಬೆರಗಾಗಿ ನಾನು ಇನ್ನಷ್ಟು ಸುರಿದೆ. ಹದ ಕೆಟ್ಟು ಮಣ್ಣು ಮತ್ತೆ ಮಂದವಾಯಿತು.

“ಮೇಷ್ಟ್ರೇ, ಇದು ಉಪ್ಪಿದ್ದ ಹಾಗೆ. ಹೆಚ್ಚಾದರೆ ಅಡಿಗೆಯೂ ಹೋಯಿತು, ಅಚ್ಚೂ ಹೋಯಿತು,” ಎಂದು ಅವರು ನಕ್ಕರು.

ಆ ಹೊತ್ತಿಗೆ ನನಗೆ ಗಯಟೆಯ ನೆನಪಾಯಿತು. ಮಣ್ಣನ್ನು ಹುಟ್ಟಿಸಲೆಂದು ಅವನು ಕಾದ ದ್ರವಕ್ಕೆ ಆ ಶಕ್ತಿ ಇರಲಿಲ್ಲ. ಇದ್ದ ಮಣ್ಣನ್ನು ಹರಿಸುವ ಶಕ್ತಿ ಇತ್ತು. ಅವನು ಕೇಳಿದ ಪ್ರಶ್ನೆ ತಪ್ಪಾಗಿರಬಹುದು; ಕೈಯಲ್ಲಿದ್ದ ವಸ್ತು ತಪ್ಪಾಗಿರಲಿಲ್ಲ. ಕುಲುಮೆಯ ಬಳಿ ನಿಂತದ್ದು ವ್ಯರ್ಥವಾಯಿತೆಂದು ತೀರ್ಪು ಕೊಡಲು ಅವಸರಪಟ್ಟವನು ನಾನು. ಈಗ ತರಗತಿಯಲ್ಲಿ ಆ ಪುಟ ಬಂದರೆ ಮಗುಚುವುದಿಲ್ಲ. ಅಲ್ಲಿಯೇ ಒಂದಿಷ್ಟು ಹೊತ್ತು ನಿಲ್ಲುತ್ತೇನೆ.